ಚಿಲ್ಲರೆ ಹಿಡಿದ ಬೆಕ್ಕು

ನಮ್ಮದು ಏಳೆಂಟು ಜನರ ಓದುಗೂಟ. ತಿಂಗಳಿಗೊಂದು ಭಾನುವಾರ, ಯಾರದಾದರೂ ಮನೆಯಲ್ಲಿ ಸೇರುತ್ತೇವೆ. ನಿಯಮ ಒಂದೇ: ಪುಸ್ತಕ ಮುಗಿಸದೆ ಬಂದವರು ಚಕ್ಕುಲಿ ತರಬೇಕು. ಈ ಸಲ ಮೂರು ಡಬ್ಬಿ ಬಂತು.

ಪುಸ್ತಕ ರಷ್ಯನ್ ಲೇಖಕ ಮಿಖಾಯಿಲ್ ಬುಲ್ಗಾಕೋವ್ ಬರೆದ ಕಾದಂಬರಿ ‘ದಿ ಮಾಸ್ಟರ್ ಅಂಡ್ ಮಾರ್ಗರಿಟಾ’. ಸ್ಟಾಲಿನ್ ಕಾಲದ ಮಾಸ್ಕೋಗೆ ಸೈತಾನ ಪರದೇಶದ ಪ್ರೊಫೆಸರ್ ವೇಷದಲ್ಲಿ ಬಂದಿಳಿಯುತ್ತಾನೆ. ಜೊತೆಗೆ ಹಂದಿ ಗಾತ್ರದ ಕರಿ ಬೆಕ್ಕು. ಅದು ಚೆಸ್ ಆಡುತ್ತದೆ, ವೋಡ್ಕಾ ಕುಡಿಯುತ್ತದೆ. ಪುಸ್ತಕ ಆರಿಸಿದ್ದು ನಾನು, ಹಾಗಾಗಿ ಬೈಗುಳವೂ ನನ್ನ ಪಾಲಿಗೇ.

‘ಒಬ್ಬನಿಗೆ ಮೂರು ಮೂರು ಹೆಸರು ಯಾಕೆ?’ ಅಂತ ಸಾಫ್ಟ್‌ವೇರ್ ಹುಡುಗ ಶುರುಮಾಡಿದ. ನಮ್ಮಲ್ಲೇನು ಕಮ್ಮಿಯಾ? ರೆಕಾರ್ಡಿನಲ್ಲಿ ತಾತನ ಹೆಸರು, ಮನೆಯಲ್ಲಿ ಪುಟ್ಟ, ಊರಿಗೆಲ್ಲ ಗಿರಣಿಯವರ ಮಗ. ಇನ್ನೊಬ್ಬರು ಶುರುವಿನಲ್ಲೇ ನಿಂತುಬಿಟ್ಟಿದ್ದರು. ಅಲ್ಲಿ ಆನ್ನುಷ್ಕಾ ಅನ್ನುವವಳು ಸೂರ್ಯಕಾಂತಿ ಎಣ್ಣೆ ಚೆಲ್ಲುತ್ತಾಳೆ. ಅದರ ಮೇಲೆ ಜಾರಿದ ಸಂಪಾದಕನ ತಲೆ ಟ್ರಾಮ್ ಚಕ್ರಕ್ಕೆ ಸಿಕ್ಕಿ ಹೋಗುತ್ತದೆ. ‘ಎಣ್ಣೆ ಚೆಲ್ಲಿದ ಮೇಲೆ ಒರೆಸಬಾರದಿತ್ತಾ?’ ಅನ್ನೋದೇ ಅವರ ವಿಮರ್ಶೆ.

ಮೇಷ್ಟ್ರಿಗೆ ಮಾತ್ರ ತುಂಬ ಹಿಡಿಸಿತ್ತು. ‘ಹನುಮಂತ ಸಮುದ್ರ ಹಾರಿದ್ದನ್ನು ಒಪ್ಪಿದ ನಮಗೆ ಈ ಬೆಕ್ಕು ಯಾವ ಮಹಾ?’ ಅಂದರು. ನಂಗೇನೋ ಅದು ಸರಿಯೆನಿಸಲಿಲ್ಲ. ಹನುಮಂತನನ್ನು ಯಾರೂ ಟಿಕೆಟ್ ಕೇಳಲಿಲ್ಲ. ಬುಲ್ಗಾಕೋವನ ಬೆಕ್ಕು ಎರಡು ಕಾಲಲ್ಲಿ ನಡೆದು ಟ್ರಾಮ್ ಹತ್ತಿ, ಹತ್ತು ಕೊಪೆಕ್ ನಾಣ್ಯ ಚಾಚುತ್ತದೆ. ಕಂಡಕ್ಟರಮ್ಮ ‘ಬೆಕ್ಕುಗಳಿಗೆ ಪ್ರವೇಶವಿಲ್ಲ, ಇಳಿ’ ಅಂತ ಗದರುತ್ತಾಳೆ. ಬೆಕ್ಕು ದುಡ್ಡು ಕೊಡೋಕೆ ಬಂದಿದೆಯಲ್ಲ ಅಂತ ಅವಳಿಗಾಗಲಿ, ಪ್ರಯಾಣಿಕರಿಗಾಗಲಿ ಆಶ್ಚರ್ಯವೇ ಇಲ್ಲ. ಅದು ಸುಮ್ನೆ ಇಳಿದು, ಟ್ರಾಮಿನ ಹಿಂಬದಿಗೆ ಜೋತುಬಿದ್ದು ಪುಕ್ಕಟೆಯಾಗಿ ಹೋಗುತ್ತದೆ. ‘ನಮ್ಮ ಸಿಟಿ ಬಸ್ಸಾಗಿದ್ದರೆ, ಸರಿಯಾಗಿ ಚಿಲ್ಲರೆ ತಂದಿದ್ದಕ್ಕೆ ಮುಂದಿನ ಸೀಟು ಕೊಡ್ತಿದ್ರು’ ಅಂದ ಹುಡುಗ. ಅವನೂ ಅಷ್ಟು ಓದಿದ್ದ ಅಂತ ಆಗ ಗೊತ್ತಾಯಿತು.

‘ಇಷ್ಟಕ್ಕೆಲ್ಲ ಸ್ಟಾಲಿನ್ ಸರ್ಕಾರ ಹೆದರುತ್ತಾ?’ ಅಂತಲೂ ಅವನೇ ಕೇಳಿದ. ನಾನು ಹೇಳಿದೆ: 1930ರಲ್ಲಿ ಬುಲ್ಗಾಕೋವ್ ಮೊದಲ ಹಸ್ತಪ್ರತಿಯನ್ನು ತಾನೇ ಒಲೆಗೆ ಹಾಕಿದ. ಮತ್ತೆ ಬರೆದ. ಕಣ್ಣು ಹೋಗುತ್ತಿದ್ದಾಗ ತಿದ್ದುಪಡಿಗಳನ್ನು ಹೆಂಡತಿಗೆ ಹೇಳಿ ಬರೆಸಿದ. 1940ರಲ್ಲಿ ತೀರಿಕೊಂಡ. ಕಾದಂಬರಿ ಅಚ್ಚಾಗಿದ್ದು 1966–67ರಲ್ಲಿ, ಒಂದು ಪತ್ರಿಕೆಯಲ್ಲಿ, ಅದೂ ಕತ್ತರಿ ಹಾಕಿಸಿಕೊಂಡು. ಸ್ವಲ್ಪ ಹೊತ್ತು ಯಾರೂ ಚಕ್ಕುಲಿ ಮುರಿಯಲಿಲ್ಲ.

ಅಷ್ಟು ಹೊತ್ತೂ ಸುಮ್ಮನಿದ್ದವರು ಒಬ್ಬರೇ. ಮೂವತ್ತು ವರ್ಷ ಫೈಲು ನೋಡಿ ನಿವೃತ್ತರಾದ ಮೇಡಂ. ಅವರ ಪ್ರತಿಯಲ್ಲಿ ಒಂದೇ ಕಡೆ ಬಸ್ ಟಿಕೆಟ್ ಸಿಕ್ಕಿಸಿತ್ತು. ಅಲ್ಲಿ ಒಬ್ಬ ಅಧಿಕಾರಿ ‘ದೆವ್ವ ನನ್ನ ಎತ್ತಿಕೊಂಡು ಹೋಗ’ ಅಂತ ಬಾಯ್ತಪ್ಪಿ ಅನ್ನುತ್ತಾನೆ. ಬೆಕ್ಕು ನಡೆಸಿಕೊಡುತ್ತದೆ. ಕುರ್ಚಿಯಲ್ಲಿ ಉಳಿಯುವುದು ಬರೀ ಸೂಟು. ಅದಕ್ಕೆ ತಲೆಯಿಲ್ಲ, ಕೈಯಿಲ್ಲ. ಆದರೂ ಇಂಕಿಗೆ ಅದ್ದದ ಪೆನ್ನಿನಿಂದ ಕಾಗದದ ಮೇಲೆ ಬರೆಯುತ್ತಲೇ ಇರುತ್ತದೆ. ಸಾಹೇಬ ವಾಪಸ್ ಬಂದ ಮೇಲೆ, ಸೂಟು ಮಾಡಿದ ಆದೇಶಗಳನ್ನೆಲ್ಲ ನೋಡಿ, ಅಷ್ಟಕ್ಕೂ ಒಪ್ಪಿಗೆ ಕೊಡುತ್ತಾನೆ.

‘ಇದರಲ್ಲಿ ಮ್ಯಾಜಿಕ್ ಎಲ್ಲಿದೆ?’ ಅಂದರು ಮೇಡಂ, ಕನ್ನಡಕ ಒರೆಸುತ್ತಾ. ಅವರ ತಕರಾರು ಬೇರೆಯೇ ಇತ್ತು. ಆ ಸೂಟಿಗೆ ಪ್ರಮೋಷನ್ ಸಿಕ್ಕಿತೋ ಇಲ್ಲವೋ ಅಂತ ಪುಣ್ಯಾತ್ಮ ಎಲ್ಲೂ ಬರೆದಿಲ್ಲವಂತೆ.