ಸಕ್ಕರೆ ಯಕ್ಷಿ ಮತ್ತು ಮಿಠಾಯಿ ಕಾಗದ

ಮೊನ್ನೆ ಶನಿವಾರ ಲಂಡನ್‌ನಲ್ಲಿ ರಷ್ಯಾದ ಸಂಗೀತ ಸಂಯೋಜಕ ಚೈಕಾವ್‌ಸ್ಕಿಯ ಕೃತಿಗಳ ಸಂಜೆ. ‘ಸ್ವಾನ್ ಲೇಕ್’, ‘ನಟ್‌ಕ್ರ್ಯಾಕರ್’ ಬ್ಯಾಲೆಗಳ ಸಂಗೀತ, ಕೊನೆಗೆ ನೆಪೋಲಿಯನ್ ಯುದ್ಧದ ಕುರಿತ ‘1812’. ಎಲ್ಲರಿಗೂ ಗೊತ್ತಿರುವ ಸಂಗೀತವೇ. ಟಿಕೆಟ್‌ಗೆ 48 ಪೌಂಡ್ ತೆತ್ತು ಹೋಗಿದ್ದೆ.

ಎಲ್ಲ ಚೆನ್ನಾಗಿಯೇ ಇತ್ತು, ಪಕ್ಕದ ಸೀಟಿನ ಹಿರಿಯರು ಜೇಬಿನಿಂದ ಕೆಮ್ಮಿನ ಮಿಠಾಯಿ ತೆಗೆಯುವವರೆಗೆ. ತೆಗೆದದ್ದಾದರೂ ಯಾವಾಗ? ‘ನಟ್‌ಕ್ರ್ಯಾಕರ್’ನ ಸಕ್ಕರೆ ಯಕ್ಷಿಯ ಕುಣಿತ ಶುರುವಾದಾಗ! ಅದು ಸೆಲೆಸ್ಟಾ ಅನ್ನುವ ವಾದ್ಯ ನುಡಿಸುವ ತುಣುಕು. ನೋಡಲು ಪುಟ್ಟ ಪಿಯಾನೋ ಥರ, ಒಳಗೆ ಲೋಹದ ಪಟ್ಟಿಗಳು. ಗೆಜ್ಜೆಗಿಂತ ಮೆತ್ತಗಿನ ಟಿಣ್ ಟಿಣ್. ಚೈಕಾವ್‌ಸ್ಕಿ ಈ ವಾದ್ಯವನ್ನು ಪ್ಯಾರಿಸ್‌ನಲ್ಲಿ ಕಂಡು, ಇನ್ನೊಬ್ಬ ಸಂಯೋಜಕ ರಿಮ್‌ಸ್ಕಿ-ಕೊರ್ಸಾಕೊವ್‌ಗೆ ಸುಳಿವು ಸಿಗಬಾರದು ಅಂತ ಗುಟ್ಟಾಗಿ ರಷ್ಯಾಕ್ಕೆ ತರಿಸಿಕೊಂಡಿದ್ದ. ಅಷ್ಟು ಜೋಪಾನ ಮಾಡಿದ ಸದ್ದು. ನನಗೆ ಕೇಳಿಸಿದ್ದು ಮಾತ್ರ ಪರ್... ಪರ್ರ್... ಚರ್.

ಸದ್ದಾಗಬಾರದು ಅಂತ ನಿಧಾನವಾಗಿ ಬಿಚ್ಚುತ್ತಾರೆ, ಪಾಪ. ಅದೇ ತಪ್ಪು. ಚರಕ್ಕನೆ ಹರಿದರೆ ಒಂದು ಸೆಕೆಂಡ್‌ಗೆ ಮುಗಿಯುತ್ತದೆ, ಅಲ್ವಾ? ಇರುವುದೇ ಸುಮಾರು 2 ನಿಮಿಷದ ಕುಣಿತ. ಅಷ್ಟೂ ಹೊತ್ತು ಬಿಚ್ಚಿದರು. ಆಮೇಲೆ ಖಾಲಿ ಕಾಗದವನ್ನು ಮಡಚಿದರು ಬೇರೆ.

‘1812’ರಲ್ಲಿ ತೋಪು ಹಾರುತ್ತದೆ, ಗಂಟೆಗಳು ಮೊಳಗುತ್ತವೆ. ಆಗ ಮಿಠಾಯಿ ಏನು, ಚಕ್ಕುಲಿ ಡಬ್ಬಿಯನ್ನೇ ತೆಗೆದು ಕಟಕಟ ಅಗಿದರೂ ಯಾರಿಗೂ ಕೇಳಿಸುವುದಿಲ್ಲ. ಆಗ ಪಕ್ಕದ ಹಿರಿಯರು ಕೈಕಟ್ಟಿ ಸುಮ್ನೆ ಕೂತಿದ್ದರು. ಒಂದು ಕೆಮ್ಮೂ ಇಲ್ಲ!