ತಟ್ಟೆ ಬಿಟ್ಟು ಡಬ್ಬಿ ಸೇರಿದ ಕುಸ್ವಾರ್

ಮಂಗಳೂರು, ಉಡುಪಿ ಕಡೆಯ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್ ತಿಂಡಿಗಳ ಇಡೀ ಬಳಗಕ್ಕೆ ಕುಸ್ವಾರ್ ಎಂದು ಹೆಸರು. ಹಿಂದೆ ಅದು ತಟ್ಟೆಯಲ್ಲಿ ಕೂತು, ಮೇಲೊಂದು ಬಟ್ಟೆ ಹೊದ್ದು, ಮಕ್ಕಳ ಕೈಯಲ್ಲಿ ಕಂಪೌಂಡ್ ದಾಟಿ ಪಕ್ಕದ ಮನೆಗೆ ಹೋಗುತ್ತಿತ್ತು. ಸಂಜೆಯೊಳಗೆ ತಟ್ಟೆ ಖಾಲಿ. ಈಗ ಅದೇ ಕುಸ್ವಾರ್ ರಿಬ್ಬನ್ ಕಟ್ಟಿಸಿಕೊಂಡು, ಹ್ಯಾಂಪರ್ ಎಂದು ಕರೆಸಿಕೊಂಡು ಬೆಂಗಳೂರಿಗೋ ದುಬೈಗೋ ಹೊರಡುತ್ತದೆ. ನೂರು ಹೆಜ್ಜೆ ತಾಳಿದರೆ ಸಾಕಿದ್ದ ತಿಂಡಿ ಈಗ ಹದಿನೈದು ದಿನ ತಾಳಬೇಕು. ತಕರಾರೆಲ್ಲ ಅಲ್ಲಿಂದಲೇ ಶುರು.

ನೆವ್ರಿಯನ್ನೇ ನೋಡಿ. ಘಟ್ಟದ ಮೇಲಿನವರ ಕರ್ಜಿಕಾಯಿಯ ತಂಗಿ ಇದು. ತಟ್ಟೆಯ ಕಾಲದಲ್ಲಿ ಹೂರಣಕ್ಕೆ ಹಸಿ ತೆಂಗಿನಕಾಯಿ ತುರಿ ಹಾಕಿದರೂ ನಡೆಯುತ್ತಿತ್ತು. ಡಬ್ಬಿಗೆ ಅದು ಆಗದು. ಮೂರನೇ ದಿನಕ್ಕೆ ಸಿಪ್ಪೆ ಮೆತ್ತಗಾಗಿ, ಐದನೇ ದಿನಕ್ಕೆ ಮುಗ್ಗಲು ವಾಸನೆ. ಕೊಬ್ಬರಿಯೇ ಬೇಕು. ಐವತ್ತು ನೆವ್ರಿಗೆ 500 ಗ್ರಾಂ ಮೈದಾ, ಒಳಗೆ 200 ಗ್ರಾಂ ಕೊಬ್ಬರಿ ತುರಿ, 100 ಗ್ರಾಂ ಎಳ್ಳು, ಒಂದು ಹಿಡಿ ರವೆ, ಗೋಡಂಬಿ, ದ್ರಾಕ್ಷಿ, ಏಲಕ್ಕಿ. ಇವನ್ನು ಬೇರೆ ಬೇರೆಯಾಗಿ ಹುರಿದು, ಪೂರ್ತಿ ಆರಿದ ಮೇಲೆ 250 ಗ್ರಾಂ ಸಕ್ಕರೆ ಪುಡಿ. ಬಿಸಿ ಇರುವಾಗಲೇ ಸಕ್ಕರೆ ಸುರಿದರೆ ಹೂರಣ ಬೆವರುತ್ತದೆ. ಬೆವರಿದ ಹೂರಣ ಅಂಚು ಬಿಡಿಸುತ್ತದೆ. ಒಂದೇ ಒಂದು ನೆವ್ರಿ ಬಾಣಲೆಯಲ್ಲಿ ಬಾಯಿ ಬಿಟ್ಟರೂ ಸಾಕು, ಎಳ್ಳೂ ಸಕ್ಕರೆಯೂ ತಳದಲ್ಲಿ ಕಪ್ಪಾಗಿ, ಆಮೇಲೆ ಬರುವ ನಲವತ್ತರ ಮೈಗೂ ಮಸಿ. ಹಾಗಾದಾಗ ಎಣ್ಣೆ ಸೋಸಿಯೇ ಮುಂದುವರಿಯಬೇಕು, ‘ಇರಲಿ ಬಿಡು’ ಎನ್ನುವಂತಿಲ್ಲ.

ಕಿಡಿಯೊ ಎಂದರೆ ಕೊಂಕಣಿಯಲ್ಲಿ ಹುಳುಗಳು. ಹಬ್ಬದ ದಿನ ನೆಂಟರಿಗೆ ಹುಳು ಕಳಿಸುವ ಧೈರ್ಯ ಬೇರೆ ಯಾವ ಅಡುಗೆಮನೆಗಿದೆಯೋ ಗೊತ್ತಿಲ್ಲ. ಅರ್ಧ ಕೆಜಿ ಮೈದಾಕ್ಕೆ ಒಂದು ಮೊಟ್ಟೆ, ಎರಡು ಚಮಚ ಬಿಸಿ ತುಪ್ಪ, ಚಿಟಿಕೆ ಉಪ್ಪು. ದಪ್ಪ ತೆಂಗಿನ ಹಾಲಲ್ಲಿ ಗಟ್ಟಿಯಾಗಿ ಕಲಸಿ, ಒಂದು ಗಂಟೆ ಒದ್ದೆ ಬಟ್ಟೆ ಮುಚ್ಚಿಡಬೇಕು. ಕಡಲೆಕಾಳಿನಷ್ಟು ಹಿಟ್ಟನ್ನು ಫೋರ್ಕಿನ ಬೆನ್ನ ಮೇಲೋ ಹೊಸ ಬಾಚಣಿಗೆಯ ಮೇಲೋ ಒತ್ತಿ ಸುರುಳಿ ಸುತ್ತಿದರೆ ಹುಳುವಿನ ಗೆರೆ ಮೂಡುತ್ತದೆ. ಬಾಚಣಿಗೆ ಹೊಸದಾಗಿರಲೇಬೇಕು ಎಂದು ಒತ್ತಿ ಹೇಳುವ ಅಗತ್ಯ ಇಲ್ಲ ಅಂದುಕೊಳ್ಳೋಣ. ಕೆಲಸ ಕೆಡುವುದು ಸಕ್ಕರೆ ಲೇಪದಲ್ಲಿ. ಪಾಕ ಒಂದೆಳೆಗೇ ನಿಂತರೆ ಮರುದಿನ ಕಿಡಿಯೊಗಳು ಅಂಟಿಕೊಂಡು ಒಂದೇ ಉಂಡೆ. ಎರಡೆಳೆ ಬಂದ ಮೇಲೆ ಒಲೆ ಆರಿಸಿ, ಕರಿದದ್ದನ್ನು ಸುರಿದು, ಸಕ್ಕರೆ ಬಿಳಿಯಾಗಿ ಒಣಗುವವರೆಗೂ ಕೈ ಬಿಡದೆ ತಿರುವಬೇಕು. ಸೌಟು ಸರಸರ ಸದ್ದು ಮಾಡತೊಡಗಿದರೆ ಆಯಿತು ಎಂದರ್ಥ.

ಕೊಕ್ಕಿಸಾಂ, ಅಂದರೆ ಬಿಸಿ ಎಣ್ಣೆಯಲ್ಲಿ ಕಾಯಿಸಿದ ಕಬ್ಬಿಣದ ಅಚ್ಚನ್ನು ಹಿಟ್ಟಿಗೆ ಅದ್ದಿ ಕರಿಯುವ ಅಚ್ಚಿನ ಹೂವು, ಅಚ್ಚಿನ ಮರ್ಜಿಯಲ್ಲಿರುವ ತಿಂಡಿ. ಅಚ್ಚು ಕಾಯದಿದ್ದರೆ ಹಿಟ್ಟು ಹಿಡಿಯುವುದಿಲ್ಲ, ಹೊಗೆಯಾಡುವಷ್ಟು ಕಾದರೆ ಹಿಡಿದ ಹಿಟ್ಟು ಅಲ್ಲೇ ಬೆಂದು ಪಾತ್ರೆಗೇ ಉದುರುತ್ತದೆ. ಮುಕ್ಕಾಲು ಭಾಗ ಮಾತ್ರ ಅದ್ದಬೇಕು. ಮೇಲಿನ ಅಂಚೂ ಮುಳುಗಿತೋ, ಹೂವು ಕಬ್ಬಿಣ ಬಿಟ್ಟು ಬರುವುದಿಲ್ಲ. ಸಕ್ಕರೆ ಜಾಸ್ತಿಯಾದರೂ ಅದೇ ಗತಿ.

ಶಂಕರಪೋಳಿಯಂಥ ತುಕ್ಡಿ, ಚಕ್ಕುಲಿ ಪಾಪದವು, ಹೆಚ್ಚು ಕಾಡುವುದಿಲ್ಲ. ಗುಳಿಯೊ ಮಾತ್ರ ನಂಬಿಕೆಗೆ ಅರ್ಹವಲ್ಲ. ಅಕ್ಕಿ ಹಿಟ್ಟಿನ ಉಂಡೆಯೊಳಗೆ ನೀರಿನಂಶ ಸಿಕ್ಕಿಬಿದ್ದರೆ ಎಣ್ಣೆಯಲ್ಲಿ ಪಟಾಕಿಯಂತೆ ಸಿಡಿಯುತ್ತದೆ; ಮುಖ ಬಾಣಲೆಯಿಂದ ದೂರವಿರಲಿ.

ಕರಿಯುವುದಕ್ಕೂ ಒಂದು ಸರದಿ ಬೇಕು. ಮೊಟ್ಟೆ ತಿನ್ನದ ನೆರೆಯವರ ಡಬ್ಬಿಗೆ ನೆವ್ರಿ, ತುಕ್ಡಿ, ಗುಳಿಯೊ, ಚಕ್ಕುಲಿ ಸಾಕು. ಇವನ್ನು ಹೊಸ ಎಣ್ಣೆಯಲ್ಲಿ ಮೊದಲು ಕರಿದು ಎತ್ತಿಟ್ಟು, ಆಮೇಲೆ ಅದೇ ಎಣ್ಣೆಗೆ ಮೊಟ್ಟೆ ಬಿದ್ದ ಕಿಡಿಯೊ, ಕೊಕ್ಕಿಸಾಂ. ಸರದಿ ತಪ್ಪಿಸಿ, ಡಬ್ಬಿಯ ಮೇಲೆ ‘ಮೊಟ್ಟೆ ಇಲ್ಲ’ ಎಂದು ಬರೆದರೆ ಅದು ಸುಳ್ಳು.

ಇನ್ನು ಕೇಕು. ರಮ್ಮಿನಲ್ಲಿ ವಾರಗಟ್ಟಲೆ ನೆನೆದ ಒಣಹಣ್ಣಿನ ಕೇಕು ತಾನು ಚೆನ್ನಾಗಿಯೇ ಬಾಳುತ್ತದೆ, ಪಕ್ಕದವರನ್ನು ಬಾಳಗೊಡುವುದಿಲ್ಲ. ಅದರ ತೇವವೆಲ್ಲ ನೆವ್ರಿಯ ಮೈಗೆ. ಆದ್ದರಿಂದ ಕೇಕಿಗೆ ಮೊದಲು ಬಟರ್ ಪೇಪರ್, ಅದರ ಮೇಲೆ ಫಾಯಿಲ್. ನೇರವಾಗಿ ಫಾಯಿಲ್ ಸುತ್ತಿದರೆ ಹಣ್ಣಿನ ಹುಳಿ ಅದನ್ನು ತಿನ್ನುತ್ತದೆ. ಒಲೆಯಿಂದ ಇಳಿಸಿದ ದಿನ ಸುತ್ತಲೂಬಾರದು. ಒಳಗಿನ ಬಿಸಿ ಹನಿಯಾಗಿ ಕೂತು ಬೂಸಲು ಕರೆಯುತ್ತದೆ. ರಮ್ ಬೇಡ ಎನ್ನುವವರಿಗೆ ಕಿತ್ತಳೆ ರಸದಲ್ಲಿ ಹಣ್ಣು ನೆನೆಸಬಹುದು, ಅದೂ ಫ್ರಿಜ್ಜಿನಲ್ಲಿ, ಒಂದೇ ರಾತ್ರಿ. ಆ ಕೇಕು ದೂರದೂರಿನ ಡಬ್ಬಿಗೆ ಬೇಡ, ಪಕ್ಕದ ಮನೆಗೇ ಇರಲಿ.

ಸುಮಾರು 800 ಗ್ರಾಮಿನ ಡಬ್ಬಿ ಒಂದು ಮನೆಗೆ ಧಾರಾಳ: ಕಾಲು ಕೆಜಿ ಕೇಕು, ಆರು ನೆವ್ರಿ, ನಾಲ್ಕು ಕೊಕ್ಕಿಸಾಂ, ನಾಲ್ಕು ಚಕ್ಕುಲಿ, ಕಿಡಿಯೊ, ಗುಳಿಯೊ, ತುಕ್ಡಿ ತಲಾ 100 ಗ್ರಾಂ. ಹತ್ತು ಡಬ್ಬಿಗೆ ಅರವತ್ತು ನೆವ್ರಿ ಎಂದು ಲೆಕ್ಕ ಹಾಕಿ ಅರವತ್ತೇ ಮಾಡುವವರು ಮನೆಯ ಮಕ್ಕಳನ್ನು ಮರೆತಿರುತ್ತಾರೆ. ಎಪ್ಪತ್ತೈದು ಮಾಡಿ.

ತುಂಬುವಾಗ ತಳಕ್ಕೆ ಕೇಕು, ನಡುವೆ ನೆವ್ರಿ, ತಲೆಯ ಮೇಲೆ ಕೊಕ್ಕಿಸಾಂ. ಇಂಗು ಹಾಕಿದ ಚಕ್ಕುಲಿಗೆ ಬೇರೆಯೇ ಕವರ್, ಇಲ್ಲದಿದ್ದರೆ ಇಡೀ ಡಬ್ಬಿ ಇಂಗುಮಯ. ಕಿಡಿಯೊವನ್ನು ಮೂಲೆಗಳಿಗೆ ತುರುಕಬೇಕು. ಕೊರಿಯರಿನವರು ಡಬ್ಬಿಯನ್ನು ಹೇಗೆ ಉರುಳಿಸಿದರೂ ಮಿಕ್ಕವು ಅಲುಗಾಡವು. ಕರಾವಳಿಯ ಡಿಸೆಂಬರ್ ರಾತ್ರಿಗಳಲ್ಲಿ ಇಬ್ಬನಿ ಇಳಿಯುತ್ತದೆ, ತೆರೆದಿಟ್ಟ ತಟ್ಟೆ ಬೆಳಗಾಗುವುದರೊಳಗೆ ಮೆತ್ತಗೆ. ಹಾಗಾಗಿ ಮಧ್ಯಾಹ್ನದ ಬಿಸಿಲಿರುವಾಗಲೇ ತುಂಬಿ ಮುಚ್ಚಳ ಬಿಗಿಯುವುದು ಲೇಸು.

ಮುಚ್ಚಳದ ಒಳಗೊಂದು ಚೀಟಿ: ಮಾಡಿದ ತಾರೀಖು, ಮೊಟ್ಟೆ, ರಮ್, ಗೋಡಂಬಿ ಯಾವುದರಲ್ಲಿದೆ, ಮತ್ತು ಕೊಕ್ಕಿಸಾಂ ಮೊದಲು ತಿನ್ನಿ, ಕೇಕು ಕೊನೆಗೆ. ಚೀಟಿಯನ್ನು ಯಾರೂ ಓದುವುದಿಲ್ಲ. ಡಬ್ಬಿ ತೆರೆದವರು ಮೊದಲು ಕೈ ಹಾಕುವುದು ಕೇಕಿಗೇ, ಕೊನೆಗೆ ತಳದಲ್ಲಿ ಉಳಿದ ಕಿಡಿಯೊ ಸಕ್ಕರೆಯನ್ನು ಬೆರಳಿಗೆ ಅಂಟಿಸಿಕೊಂಡು ನೆಕ್ಕುತ್ತ ‘ಇಷ್ಟೇನಾ ಕಳಿಸಿದ್ದು?’ ಎನ್ನುತ್ತಾರೆ.