ಉದ್ಘಾಟನೆ ಮುಗಿದ ಮೇಲೆ ಸುದ್ದಿ

ನಮ್ಮ ಜಿಲ್ಲೆಯ ಮ್ಯೂಸಿಯಂನಲ್ಲಿ ಪ್ರದರ್ಶನ ಇತ್ತು ಅಂತ ಗೊತ್ತಾಗುವುದು ಯಾವಾಗ? ಮರುದಿನ ಪೇಪರಿನಲ್ಲಿ ದೀಪ ಬೆಳಗುವ ಫೋಟೋ ಬಂದಾಗ! ಮೇ 18ಕ್ಕೆ ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನ. ನವೆಂಬರ್ 19ರಿಂದ 25ರವರೆಗೆ ವಿಶ್ವ ಪರಂಪರೆ ಸಪ್ತಾಹ. ಈ ತಾರೀಕುಗಳು ಪ್ರತಿ ವರ್ಷವೂ ಅವೇ. ಒಂದು ವಾರ ಮೊದಲು ಗೇಟಿಗೆ ಒಂದು ಬ್ಯಾನರ್ ಕಟ್ಟಲು ಏನು ಕಷ್ಟ?

ಗೊತ್ತಾಗಿ ಹೋದರೂ ಸುಖವಿಲ್ಲ. ಸ್ವಾಗತ, ಹಾರ, ಶಾಲು, ಭಾಷಣ. ಅಷ್ಟರಲ್ಲಿ ಊಟದ ಹೊತ್ತು. ಶಾಲೆಯಿಂದ ಕರೆತಂದ ಮಕ್ಕಳು ಸಾಲಾಗಿ ಒಂದು ಸುತ್ತು ಹಾಕಿ ಹೊರಗೆ ಬಂದರೆ ಕಾರ್ಯಕ್ರಮ ಯಶಸ್ವಿ.

ನನಗೆ ಜಾಸ್ತಿ ಉರಿಯುವುದು ಅಲ್ಲಿನ ಫಲಕಗಳನ್ನು ನೋಡಿದಾಗ. 'ವೀರಗಲ್ಲು, 12ನೇ ಶತಮಾನ'. ಅಷ್ಟೇ! ಯಾವ ಊರಲ್ಲಿ ಸಿಕ್ಕಿತು, ಸತ್ತವನು ಯಾರು, ದನ ಬಿಡಿಸಲು ಹೋಗಿ ಸತ್ತನೋ, ಊರು ಕಾಯಲು ಹೋಗಿಯೋ? ಒಂದೂ ಇಲ್ಲ. ಸಾಮಾನ್ಯವಾಗಿ ಇಂಥ ಕಲ್ಲಿನ ಕೆಳಗಿನ ಪಟ್ಟಿಯಲ್ಲಿ ಕಾಳಗದ ಕೆತ್ತನೆ ಇರುತ್ತದೆ. ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕೂತ ಅದೇ ವೀರ. ಕೆಳಗಿನಿಂದ ಮೇಲಕ್ಕೆ ನೋಡಿ ಅಂತ ಒಂದು ಸಾಲು ಬರೆದಿದ್ದರೂ ಮಕ್ಕಳು ಅಲ್ಲೇ ನಿಂತುಬಿಡುತ್ತಿದ್ದರು. ಮಂಡ್ಯ ಜಿಲ್ಲೆಯ ಆತಕೂರಿನ 10ನೇ ಶತಮಾನದ ಕಲ್ಲಿನಲ್ಲಂತೂ ಕಾಳಿ ಎಂಬ ನಾಯಿ ಹಂದಿಯ ಜೊತೆ ಕಾದಾಡಿ ಸತ್ತ ಕಥೆಯೇ ಇದೆ. ಇಂಥದ್ದು ಹೇಳಲು ಅನುದಾನ ಬೇಕಿಲ್ಲ ಅಲ್ವಾ?

ವಿವರಿಸಲು ಅಲ್ಲಿ ಒಬ್ಬರೂ ಇರುವುದಿಲ್ಲ. ಸುಮ್ನೆ ಮೊಬೈಲ್ ಹೊರಗೆ ತೆಗೆದು ನೋಡಿ, ಫೋಟೋ ತೆಗೆಯಬೇಡಿ ಅನ್ನಲು ಮಾತ್ರ ಯಾರೋ ಓಡಿ ಬರುತ್ತಾರೆ.